ಮೂರು ಸಾಲು, ಒಂದೇ ಯಂತ್ರ

ಅಕ್ಕ, ತಂಗಿಯ ಉತ್ತರಪತ್ರಿಕೆಯನ್ನು ತಾನು ದುಡಿಯುವ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಹರಡಿ, ಮುದುರುಗಳನ್ನು ಅಂಗೈಯಿಂದ ತೀಡಿ ಓದಿದಳು. ಸರಳರೇಖೆಯ ಚಲನೆ, ವೃತ್ತಾಕಾರದ ಚಲನೆ, ಆಂದೋಲನ: ಒಂದೊಂದಕ್ಕೂ ಉದಾಹರಣೆ ಕೊಡಿ ಎಂದು ಮೂರು ಅಂಕದ ಪ್ರಶ್ನೆ. ತಂಗಿ ಬರೆದಿದ್ದಳು: ಹೊಲಿಗೆ ಯಂತ್ರದಲ್ಲಿ ಮುಂದೆ ಸರಿಯುವ ಬಟ್ಟೆ. ಹೊಲಿಗೆ ಯಂತ್ರದ ಚಕ್ರ. ಹೊಲಿಗೆ ಯಂತ್ರದ ಪೆಡಲು. ಮೂರಕ್ಕೂ ಸೇರಿಸಿ ಒಂದೇ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ.

ಮೂವತ್ತೈದು ಅಂಕ ಬಂದವರಿಗೆ ಮಾತ್ರ ಮುಂದಿನ ವರ್ಷ ವಿಜ್ಞಾನ ವಿಭಾಗ. ತಂಗಿಗೆ ಬಂದಿದ್ದು ಮೂವತ್ಮೂರು. ಇವತ್ತು ಮೂರು ಗಂಟೆಗೆ ಆಯ್ಕೆಯಾದವರ ಪಟ್ಟಿ ಶಾಲೆಯ ಗೋಡೆಗೇರುತ್ತದೆ.

"ಮೇಷ್ಟ್ರನ್ನ ಕೇಳಿದೆ ಅಕ್ಕಾ," ತಂಗಿ ಮೂಗು ಒರೆಸಿಕೊಂಡಳು. "ಒಂದೇ ಮಾತನ್ನ ಮೂರು ಸಲ ಬರೆದ್ರೆ ಮೂರು ಉತ್ತರ ಆಗುತ್ತಾ ಅಂದ್ರು. ಕ್ಲಾಸೆಲ್ಲ ನಕ್ಕಿತು."

ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಸವಾರಿ, ಮೌನಗೌರಿ?" ಕತ್ತಿಗೆ ಟೇಪು ಸುತ್ತಿಕೊಂಡಿದ್ದ ಅಂಗಡಿಯಾತ ಕೇಳಿದ. "ಹನ್ನೊಂದು ಕಾಲರ್ ಬಾಕಿ ಇದೆ."

"ಶಾಲೆಗೆ."

"ಅರ್ಧಕ್ಕೆ ಬಿಟ್ಟವಳು ಈಗ ಹೋಗಿ ಸೇರ್ಕೊಳ್ತೀಯಾ?"

ಬೇರೆ ದಿನವಾಗಿದ್ದರೆ ಅವಳು ಅದನ್ನು ನುಂಗಿಕೊಂಡು ತಲೆ ತಗ್ಗಿಸುತ್ತಿದ್ದಳು. ಇವತ್ತು ತಂಗಿಯ ಕೈ ಹಿಡಿದು ನೇರ ಶಾಲೆಗೆ ನಡೆದಳು.

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ತಲೆ ಎತ್ತಲೇ ಇಲ್ಲ. "ಅಪ್ಪ ಅಮ್ಮ ಬರಲಿಲ್ವಾ?"

"ಕೆಲಸಕ್ಕೆ ಹೋಗಿದಾರೆ ಸಾರ್. ನಾನು ಇವಳ ಅಕ್ಕ."

"ರೈಲು, ಫ್ಯಾನು, ಉಯ್ಯಾಲೆ. ಪುಸ್ತಕದಲ್ಲೇ ಇದೆಯಲ್ಲಮ್ಮ. ಹೊಲಿಗೆ ಯಂತ್ರ ಬಿಟ್ಟು ಇವಳಿಗೆ ಬೇರೆ ಪ್ರಪಂಚವೇ ಇಲ್ವಾ?"

ಅಕ್ಕನ ಕಿವಿ ಬಿಸಿಯಾಯಿತು. ಆ ಯಂತ್ರದ ಕಾಲ ಬುಡದಲ್ಲೇ ಕೂತು ಅಕ್ಷರ ಕಲಿತ ಹುಡುಗಿ ಇವಳು. "ಸಾಲು ಪೂರ್ತಿ ಓದಿದ್ರಾ ಸಾರ್?"

"ಓದೋದೇನು? ಯಂತ್ರ ಅಂದ್ರೆ ತಿರುಗೋದು. ಮೂರಕ್ಕೂ ಅದೇ ಹೇಗಾಗುತ್ತೆ?"

"ನಿಮ್ಮ ಶಾಲೆಯ ಹೊಲಿಗೆ ಕೋಣೆಗೆ ಬನ್ನಿ. ಐದೇ ನಿಮಿಷ."

ಹುಡುಗಿಯರು ಹೊಲಿಗೆ ಕೋಣೆಯ ಬಾಗಿಲಲ್ಲಿ ಮುತ್ತಿಕೊಂಡರು. ಅಷ್ಟು ಕಣ್ಣುಗಳೆದುರು ಹಿಂಜರಿಯಲಾರದೆ ಮೇಷ್ಟ್ರು ತಾವೇ ಸ್ಟೂಲಿನ ಮೇಲೆ ಕೂತು ಪೆಡಲನ್ನು ಜೋರಾಗಿ ಒತ್ತಿದರು. ಚಕ್ರ ಹಿಂದಕ್ಕೆ ತಿರುಗಿತು, ದಾರ ಸಿಕ್ಕಾಗಿ ಪಟಕ್ಕನೆ ಕಡಿಯಿತು.

"ಕೆಟ್ಟಿದೆ ಇದು."

"ಕೆಟ್ಟಿಲ್ಲ ಸಾರ್. ಮೊದಲು ಚಕ್ರಾನ ಕೈಯಲ್ಲಿ ನಿಮ್ಮ ಕಡೆಗೆ ತಿರುಗಿಸ್ಬೇಕು. ಆಮೇಲೆ ಕಾಲು."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

ಅಕ್ಕ ಸಿಕ್ಕು ಬಿಡಿಸಿ, ದಾರ ಪೋಣಿಸಿ ಕೂತಳು. ಚಕ್ರದ ಅಂಚಿಗೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು ನಿಧಾನಕ್ಕೆ ತುಳಿದಳು. ಚುಕ್ಕೆ ದುಂಡಗೆ ಸುತ್ತಿ ಸುತ್ತಿ ಬಂತು. ಪೆಡಲು ಬೆರಳಿನ ಕಡೆ ತಗ್ಗಿತು, ಹಿಮ್ಮಡಿಯ ಕಡೆ ತಗ್ಗಿತು, ಮತ್ತೆ ಬೆರಳಿನ ಕಡೆ. ಬಟ್ಟೆ ಮಾತ್ರ ಅತ್ತಿತ್ತ ನೋಡದೆ ನೇರವಾಗಿ ಸರಿಯಿತು.

ಮೇಷ್ಟ್ರು ಕೆಮ್ಮಿ, ಜೇಬಿನಿಂದ ಪೆನ್ನು ತೆಗೆದರು. "ಆಯ್ತಮ್ಮ. ಪಾಪ, ಇಷ್ಟು ದೂರ ಬಂದಿದೀಯ. ಕೃಪಾಂಕ ಅಂತ ಎರಡು ಹಾಕ್ತೀನಿ. ಮೂವತ್ತೈದಾಗುತ್ತೆ. ಸಂತೋಷನಾ?"

ತಂಗಿ ಹಿಂದಿನಿಂದ ಅಕ್ಕನ ಸೆರಗು ಜಗ್ಗಿದಳು. ಹೂಂ ಅಂದುಬಿಟ್ಟರೆ ಸೀಟು ಕೈಯಲ್ಲಿ.

"ಕೃಪೆ ಬೇಡ ಸಾರ್." ತನ್ನ ದನಿ ಇಷ್ಟು ದೊಡ್ಡದೆಂದು ಅಕ್ಕನಿಗೇ ಗೊತ್ತಿರಲಿಲ್ಲ. "ಉತ್ತರ ಸರಿ ಇದ್ರೆ ಮೂರೂ ಕೊಡಿ. ತಪ್ಪಿದ್ರೆ ಎಲ್ಲಿ ತಪ್ಪು ತೋರ್ಸಿ, ಒಂದೂ ಬೇಡ."

"ಸೀಟು ಹೋದ್ರೆ?"

"ತಪ್ಪು ತೋರ್ಸಿ ಸಾರ್."

ಸೆರಗು ಹಿಡಿದಿದ್ದ ಬೆರಳುಗಳು ಬಿಗಿಯಾದವು. ಸ್ವಲ್ಪ ಹೊತ್ತಿಗೆ ತಾವಾಗಿಯೇ ಸಡಿಲಿದವು. "ಹೌದು ಸಾರ್, ತೋರ್ಸಿ," ಅಂದಳು ತಂಗಿ.

ಮೇಷ್ಟ್ರು ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂರು ಸಾಲನ್ನೂ ಕೊನೆಯವರೆಗೆ ಓದಿದರು, ಮೊದಲ ಸಲ. ಆಮೇಲೆ ಕೆಂಪು ಗೀಟನ್ನು ಹೊಡೆದು ಹಾಕಿ, ಮೂರು ಸರಿ ಗುರುತು ಒತ್ತಿ, ಮೂವತ್ತಾರು ಎಂದು ಬರೆದು, ಯಾರ ಮುಖವನ್ನೂ ನೋಡದೆ ಪಟ್ಟಿ ತಿದ್ದಲು ಹೊರಟುಹೋದರು.

ಬೀದಿಗೆ ಬಂದ ಮೇಲೂ ಅಕ್ಕನ ಹೆಜ್ಜೆಯ ಬಿರುಸು ಇಳಿದಿರಲಿಲ್ಲ. ತಂಗಿ ಓಡೋಡಿ ಜೊತೆಗೂಡಿದಳು.

"ಥ್ಯಾಂಕ್ಸ್ ಹೇಳ್ಲೇ ಇಲ್ವಲ್ಲಕ್ಕಾ ನೀನು."

"ಯಾವುದಕ್ಕೆ?"

"ಅದಲ್ಲ... ಮುಂದಿನ ವರ್ಷಾನೂ ವಿಜ್ಞಾನಕ್ಕೆ ಅವರೇ ಮೇಷ್ಟ್ರು."

"ಇರ್ಲಿ ಬಿಡು," ಅಂದಳು ಅಕ್ಕ. "ಅಷ್ಟರಲ್ಲಿ ಓದೋದು ಕಲಿತಿರ್ತಾರೆ."