ರಾಜಮತಿ ಬೇಡಿದ ಶಿಕ್ಷೆ

ಬೇಡಕಿಹಾಳದ ಕೂಲಿಕಾರ ಜ್ಞಾನದೇವನ ಮಗಳು ಶುಭಾಂಗಿ ಬೆಳಗಾವಿಯ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಎಂ.ಎ. ಓದುತ್ತಿದ್ದಳು. ಜೈಲಿನಿಂದ ಮರಳಿದವರನ್ನು ಊರು ಹೇಗೆ ಕಾಣುತ್ತದೆ ಎಂಬುದು ಅವಳ ಕೊನೆಯ ವರ್ಷದ ಪ್ರಬಂಧದ ವಿಷಯ. ಮಾರ್ಗದರ್ಶಕಿ ಸೀಮಾ ಮೇಡಂ ಒಂದೇ ಮಾತು ಹೇಳಿದ್ದರು: ಮರಳಿದವನನ್ನಷ್ಟೇ ಅಲ್ಲ, ಕಳಕೊಂಡವರನ್ನೂ ಕೇಳಿಕೊಂಡು ಬಾ.

ಹಾಗೆ ಅವಳು ದಿಗ್ಗೇವಾಡಿಗೆ ಬಂದಳು. ಇಪ್ಪತ್ತು ವರ್ಷದ ಹಿಂದೆ, ಕಾಲುವೆ ನೀರಿನ ಪಾಳಿಗಾಗಿ ಎದ್ದ ಜಗಳದಲ್ಲಿ ಸತ್ಯಪ್ಪ ಎಂಬವನು ಪಕ್ಕದ ಹೊಲದ ಭೀಮಗೊಂಡನನ್ನು ಸಲಿಕೆಯಿಂದ ಹೊಡೆದು ಕೊಂದಿದ್ದ. ಹದಿನಾಲ್ಕು ವರ್ಷ ಜೈಲು ಕಳೆದು ಊರು ಸೇರಿ ಈಗ ಆರು ವರ್ಷ. ಶುಭಾಂಗಿ ಕೇಳಿದ್ದಕ್ಕೆಲ್ಲ ನೆಲ ನೋಡುತ್ತ ಹೌದು, ಇಲ್ಲ ಎಂದಷ್ಟೇ ಹೇಳಿದ ಅವನು, "ಉಳಿದದ್ದು ಆ ಅವ್ವನ್ನ ಕೇಳ್ರಿ" ಎಂದು ಎದ್ದುಬಿಟ್ಟ.

ಭೀಮಗೊಂಡನ ತಾಯಿ ರಾಜಮತಿಗೆ ಎಪ್ಪತ್ತು ದಾಟಿತ್ತು. ಮರುದಿನ ಮುಂಜಾನೆ ಶುಭಾಂಗಿ ಆ ಮನೆಯ ಮೆಟ್ಟಿಲು ಹತ್ತಿದಳು. ಮುದುಕಿ ಚಾಪೆ ಹಾಸಿ, ಚಹಾ ಕೊಟ್ಟು, ತಾನಾಗಿಯೇ ಹೇಳತೊಡಗಿದಳು.

ಸತ್ಯಪ್ಪ ಬಿಡುಗಡೆಯಾದಾಗ ಊರ ಹಿರಿಯರು ಅವಳನ್ನೇ ಕೇಳಿದ್ದರಂತೆ. ಅವಳು ಬೇಡವೆಂದರೆ ಅವನಿಗೆ ಊರಿಲ್ಲ. ಇರಲಿ ಎಂದಳಂತೆ ರಾಜಮತಿ. ಆದರೆ ದಿನಾ ಮುಂಜಾನೆ ಬಂದು ತನ್ನ ಬಾಗಿಲ ಮುಂದೆ ನಿಂತು ಹೋಗಬೇಕು. ತಾನು ಅವನ ಮುಖ ನೋಡಬೇಕು, ಅವನು ತನ್ನ ಮುಖ ನೋಡಬೇಕು. ಎರಡು ವರ್ಷ ಅವನು ಮಳೆ ಬಿಸಿಲೆನ್ನದೆ ಬಂದು ನಿಂತ. ಅವಳು ತುಟಿ ಬಿಚ್ಚಲಿಲ್ಲ. ಮೂರನೆಯ ವರ್ಷ ಒಂದು ದಿನ ಅವನು ಬರಲಿಲ್ಲ. ಮರುದಿನವೂ ಇಲ್ಲ. ಜ್ವರ ನೆತ್ತಿಗೇರಿದೆ, ಉಳಿಯುವುದು ಕಷ್ಟ ಎಂದರು ಜನ. ರಾಜಮತಿ ಗಂಜಿ ಕಾಸಿಕೊಂಡು ಅವನ ಮನೆಗೆ ಹೋದಳು.

"ಸಿಟ್ಟ ಹೋಗಿತ್ತೇನ್ರಿ ಆಯಿ?" ಶುಭಾಂಗಿ ಮೆಲ್ಲಗೆ ಕೇಳಿದಳು.

"ಎಲ್ಲಿ ಹೋಗತೈತಿ, ತಂಗಿ. ಆದ್ರ ನನ್ನ ಮಗನ್ನ ಕಡೀಕ ನೋಡಿದಂವಾ ಅವನೊಬ್ಬನ. ಅವನೂ ಹೋದ್ರ ನಾ ಯಾರನ್ನ ಕೇಳಲಿ?"

ಕೋರ್ಟಿನಲ್ಲಿ ಯಾರೂ ಕೇಳದ್ದನ್ನು ಅವಳು ಅವನ ಜ್ವರದ ಹಾಸಿಗೆಯ ಬಳಿ ಕೇಳಿದ್ದಳು: ಜೀವ ಹೋಗುವಾಗ ಮಗ ಏನಂದ? ಸತ್ಯಪ್ಪ ಅಳುತ್ತ ಹೇಳಿದನಂತೆ. ಭೀಮಗೊಂಡ ನೀರು ಬೇಡಿದ್ದ. ಇವನು ಸಲಿಕೆ ಒಗೆದು ಕಾಲುವೆಗೆ ಓಡಿ, ಬೊಗಸೆಯಲ್ಲಿ ತಂದು ಕುಡಿಸಿದ್ದ.

"ಎರಡ ಗುಟುಕ ಕುಡದನಂತ. ಅಷ್ಟ ತಿಳಕೊಳ್ಳಾಕ ನನಗ ಹದಿನೇಳ ವರ್ಷ ಹತ್ತಿದುವು. ಅವತ್ತ ರಾತ್ರಿ ನಿದ್ದಿ ಬಂತು ನೋಡು."

ಶುಭಾಂಗಿಯ ಪೆನ್ನು ನಿಂತೇ ಹೋಗಿತ್ತು. ಅಷ್ಟರಲ್ಲಿ ಅಂಗಳದಲ್ಲಿ ನೆರಳಾಡಿತು. ಸತ್ಯಪ್ಪ ಬಂದು, ಚಪ್ಪಲಿ ಕಳಚಿ, ಬಾಗಿಲಿಗೆ ಎದುರಾಗಿ ನಿಂತ. ಮುದುಕಿ ಕತ್ತೆತ್ತಿ ಅವನ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದಳು. ಉಂಡಿಯೇನು ಎಂದಳು. ಹೌದೆಂದು ತಲೆಯಾಡಿಸಿ ಅವನು ಹೊಲದ ಕಡೆ ನಡೆದ. ಎರಡು ವರ್ಷ ಓದಿದ ಶಿಕ್ಷೆ, ಸುಧಾರಣೆ, ಪುನರ್ವಸತಿ ಎಂಬ ಪಾಠಗಳೆಲ್ಲ ಈ ಹೊಸ್ತಿಲ ಹೊರಗೇ ನಿಂತುಬಿಟ್ಟವೆಂದು ಶುಭಾಂಗಿಗೆ ಅನ್ನಿಸಿತು. ಯಾರೂ ಹೇಳದಿದ್ದರೂ ಅವಳು ಎದ್ದು ನಿಂತಿದ್ದಳು. ಕೂರಬೇಕೆಂಬುದೂ ತೋಚಲಿಲ್ಲ.

ಹೊರಡುವ ಮೊದಲು ಅವಳು ನಿಯಮ ವಿವರಿಸಿದಳು: ಪ್ರಬಂಧದಲ್ಲಿ ಯಾರ ನಿಜವಾದ ಹೆಸರೂ ಬರುವುದಿಲ್ಲ, ಎಲ್ಲ ಬದಲಾಗುತ್ತವೆ.

"ನಂದು ಬೇಕಾದ್ದ ಬರಿ," ಎಂದಳು ರಾಜಮತಿ. "ಮಗಂದು ಬದಲ ಮಾಡಬ್ಯಾಡ."

ಸತ್ಯಪ್ಪನನ್ನು ಹೊಲದಲ್ಲಿ ಹುಡುಕಿ ಕೇಳಿದರೆ ಅವನೂ, ತನ್ನದನ್ನೂ ಇದ್ದಂತೆಯೇ ಬರೆಯಿರಿ, ಭೀಮಗೊಂಡನ ಹೆಸರು ಒಂಟಿಯಾಗುವುದು ಬೇಡ ಎಂದ. ಸೀಮಾ ಮೇಡಂ ವಿಭಾಗದ ಸಮಿತಿಯೆದುರು ಎರಡು ಸಲ ವಾದಿಸಬೇಕಾಯಿತು. ಕೊನೆಗೆ ಇಬ್ಬರ ಒಪ್ಪಿಗೆ ಪತ್ರ ನೋಡಿ ಸಮಿತಿ ಮಣಿಯಿತು. ಜೂನಿನಲ್ಲಿ ಶುಭಾಂಗಿ ಪ್ರಬಂಧದ ಒಂದು ಪ್ರತಿಯನ್ನು ದಿಗ್ಗೇವಾಡಿಗೆ ಒಯ್ದಳು. ಓದುಬರಹ ತಿಳಿಯದ ರಾಜಮತಿ, ಭೀಮಗೊಂಡ ಎಂದು ಅಚ್ಚಾದ ಕಡೆ ಶುಭಾಂಗಿಯಿಂದ ಬೆರಳಿಡಿಸಿಕೊಂಡು, ಬಹಳ ಹೊತ್ತು ಆ ಪುಟ ಬಿಡಲಿಲ್ಲ.