ಶಿಲುಬೆಗೆ ಅಮಾವಾಸ್ಯೆಯ ಎಣ್ಣೆ

ಸಾಲಹಳ್ಳಿ ದಾಟಿದ ಮೇಲೆ ಬರುವ ಸಣ್ಣ ಊರಿನ ಚರ್ಚಿಗೆ ನೂರು ವರ್ಷವೂ ಆಗಿಲ್ಲ. ಅದರ ಅಂಗಳದಲ್ಲಿರುವ ಕಲ್ಲಿಗೆ ಮಾತ್ರ ಸಾವಿರದ ಮೇಲಾಗಿದೆ ಎಂದು ಧಾರವಾಡದಿಂದ ಬಂದ ಪುರಾತತ್ವ ಅಧಿಕಾರಿ ಪದ್ಮಜಾ ಹೇಳಿದರು. ಮೊಣಕಾಲೆತ್ತರದ ಕಲ್ಲು, ಮೇಲೆ ಶಿಲುಬೆ, ಅದರ ಬುಡದಲ್ಲಿ ತಾವರೆ ಎಸಳು.

"ಮ್ಯೂಜಿಯಮ್ಮಿಗೆ ಒಯ್ಯಬೇಕಾಗ್ತದ, ಫಾದರ್. ಪೂಜಾ ನಡದಿರೋ ಕಲ್ಲಾದ್ರ ಇದ್ದಲ್ಲೇ ಬಿಡಬಹುದು. ನಡದದೇನು?"

ಫಾದರ್ ಸಂದೀಪ ಕಲ್ಲಿನ ಮೇಲೆ ಕೈಯಿಟ್ಟರು. ಈ ಸೀಮೆಯಲ್ಲಿ ಅಷ್ಟು ಹಿಂದೆಯೇ ತಮ್ಮವರಿದ್ದರು ಎಂಬುದಕ್ಕೆ ಇದೊಂದೇ ಗುರುತು. ಇದು ಹೋದರೆ ಉಳಿಯುವುದು ಗುಂಡಿ. ಆದರೆ ಪ್ರಾರ್ಥನೆಯೆಲ್ಲ ಚರ್ಚಿನ ಒಳಗೆ. ಹೊರಗಿನ ಕಲ್ಲಿಗೆ ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುತ್ತಿದ್ದವಳು ಎದುರು ಮನೆಯ ಶೆಟ್ಟೆವ್ವ ಒಬ್ಬಳೇ. ಅವಳು ಚರ್ಚಿನವಳೂ ಅಲ್ಲ. ಇದು ನಮ್ಮ ಪದ್ಧತಿಯಲ್ಲ ಎಂದು ಮೂರು ತಿಂಗಳ ಹಿಂದೆ ಅದನ್ನು ಬಿಡಿಸಿದವರು ಫಾದರೇ.

ತಾನು ಬೇಡವೆಂದವರನ್ನು ತಾನೇ ಹೋಗಿ ಕರೆಯುವುದು ಯಾರಿಗೂ ಸುಲಭವಲ್ಲ. ಫಾದರ್ ರಸ್ತೆ ದಾಟಿದರು.

ಶೆಟ್ಟೆವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು.

"ಏನ್ರಿ ಫಾದರ್, ಇಂಥಾ ಬಿಸಲಾಗ? ನಾ ಎಣ್ಣಿ ಹಚ್ಚಿಲ್ಲ ಮತ್ತ. ಬೇಕಾದ್ರ ಬಾಟ್ಲಿ ನೋಡ್ರಿ, ತುಂಬೇತಿ."

"ಅದಕ್ಕ ಬಂದೇನಿ. ಕಲ್ಲ ಒಯ್ಯಾಕ ಬಂದಾರ. ನೀ ಪೂಜಿ ಮಾಡತಿದ್ದಿ ಅಂತ ಅವರಿಗೆ ಹೇಳಬೇಕು."

"ಸುಳ್ಳ ಏನರ ಹೇಳಬೇಕೇನ್ರಿ?"

"ಬ್ಯಾಡವಾ, ಇದ್ದದ್ದ ಹೇಳು."

"ಹಂಗಾರ ನಡೀರಿ."

ಪದ್ಮಜಾ ಕೇಳುವ ಮೊದಲೇ ಅವಳು ಸುರುಮಾಡಿದಳು. "ನಮ್ಮತ್ತಿ ಹಚ್ಚತಿದ್ಲರಿ ಬಾಯಾರ, ಅಕಿ ಅತ್ತಿನೂ ಹಚ್ಚತಿದ್ಲಂತ. ನಾ ನಲವತ್ತ ವರ್ಷ ಹಚ್ಚೇನಿ. ಮೂರ ಅಮಾಸಿ ಆತು, ಬಿಟ್ಟೇನಿ."

"ಯಾಕ ಬಿಟ್ರಿ?"

ಶೆಟ್ಟೆವ್ವ ಫಾದರ್ ಕಡೆ ನೋಡಲಿಲ್ಲ. "ಮಣಕಾಲ ನೋವ್ರಿ."

"ಮಣಕಾಲಲ್ಲ," ಎಂದರು ಫಾದರ್. "ನಾನ ಬ್ಯಾಡಂದಿದ್ದೆ. ನಂದ ತಪ್ಪು."

"ಮಣಕಾಲೂ ನೋಯತಾವ್ರಿ," ಎಂದಳು ಶೆಟ್ಟೆವ್ವ.

ಪದ್ಮಜಾ ನಕ್ಕರು. ಶಿಲುಬೆಯ ಸಂದಿಯಲ್ಲಿ ಉಗುರಾಡಿಸಿದರು. ಗಟ್ಟಿಯಾದ ಕಪ್ಪು ಜಿಡ್ಡು ಪದರಪದರವಾಗಿ ಎದ್ದಿತು. ಅದು ಮೂರು ತಿಂಗಳಿನದೂ ಅಲ್ಲ, ಮೂವತ್ತು ವರ್ಷದ್ದೂ ಅಲ್ಲ, ಅದಕ್ಕೂ ಹಳೆಯದು.

"ಪೂಜಾ ಅದ ಅಂತ ಬರೀತೀನಿ. ಕಲ್ಲು ಇಲ್ಲೇ ಇರ್ಲಿ. ಆದ್ರ ಆಯಿ, ಇನ್ನ ಎಣ್ಣಿ ಬ್ಯಾಡ. ಕೆತ್ತನಿ ಮುಚ್ಚಿ ಹೋಗೇದ. ಹೂವ ಇಡ್ರಿ."

ಶೆಟ್ಟೆವ್ವನ ಮುಖ ಸಣ್ಣದಾಯಿತು. ಅತ್ತೆ ಹೇಳಿಕೊಟ್ಟದ್ದು ಎಣ್ಣೆ, ಹೂವಲ್ಲ.

"ಇಲ್ಲೇ ಇರತೈತಲ್ಲ, ಸಾಕ ಬಿಡ್ರಿ," ಎಂದು ಪದ್ಮಜಾ ಬರೆದುಕೊಟ್ಟ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಅವಳ ಗುರುತಿನ ಪಕ್ಕದಲ್ಲಿ ಸಹಿ ಮಾಡುತ್ತ ಫಾದರ್ ಹೇಳಿದರು, "ಅಮಾಸಿಗೆ ಹೂವ ನಾ ತರತೇನಿ."

"ನೀವ ಹೂವ ತಂದ್ರ ನಾ ಏನ ಮಾಡ್ಲಿ? ಹೂವ ನಂದು. ನೀವ ಕಸಾ ಹೊಡದು ನೀರ ಹಾಕ್ರಿ."

ಫಾದರ್ ಒಪ್ಪಿಕೊಂಡರು.