ಬೂದಿಯ ತಿಳಿ

"ಇದನ್ನ ಸೊಪ್ಪು ಅಂತೀಯಾ? ಆಡಿನ ಮುಂದೆ ಹಾಕಿದ್ರೆ ಮೂಸಿ ನೋಡಿ ಮುಂದೆ ಹೋಗುತ್ತೆ."

ನಮರೋಮೆ ಮೊರವನ್ನು ಮೆಟ್ರಿನ್‌ ಎಂಬ ಹುಡುಗಿಯ ಕಡೆಗೆ ತಳ್ಳಿದಳು. ಅದರಲ್ಲಿ ಒಣಗಿಸಿದ ಅಲಸಂದೆ ಸೊಪ್ಪಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಆ ಹುಡುಗಿ ಪಾಪ, ಕಳೆದ ಶನಿವಾರದ ಪಾಠವನ್ನು ಮನೆಯಲ್ಲಿ ಮಾಡಿ ಭಯಭಕ್ತಿಯಿಂದ ತಂದಿದ್ದಳು. "ನೆರಳಲ್ಲಿ ಒಣಗಿಸು ಅಂದೆ. ನೀನು ತಗಡಿನ ಮೇಲೆ ಹರವಿ ಆಫೀಸಿಗೆ ಹೋಗಿದ್ದೀಯ. ನಿಮ್ಮಮ್ಮ ಏನು ಕಲಿಸಿದ್ದಾಳೆ ನಿನಗೆ, ಗ್ಯಾಸ್ ಹಚ್ಚೋದಾ?"

ಮೆಟ್ರಿನ್ ನಾಚಿಕೊಂಡು ನಕ್ಕಳು. ಉಳಿದ ಹನ್ನೊಂದು ಹೆಂಗಸರೂ ನಕ್ಕರು. ಒಬ್ಬಳು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು. ಕಿಮಿಲಿಲಿ ಪೇಟೆಯ ಈ ಹೆಂಗಸರು ಚರ್ಚಿನ ಅಂಗಳದಲ್ಲಿ, ಮಾವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಅಜ್ಜಿಯರ ಕಾಲದ ಉಳಿತಾಯದ ಅಡುಗೆ ಕಲಿಯುತ್ತಿದ್ದರು. ಉಳಿತಾಯ ಕಲಿಯಲು ಅವರಲ್ಲಿ ಐದು ಜನ ಕಾರಿನಲ್ಲಿ ಬಂದಿದ್ದರು. ಬೈಸಿಕೊಳ್ಳುವುದರಲ್ಲೇ ಅವರಿಗೆ ಅರ್ಧ ಸುಖ. ಬೈಯದ ಅಜ್ಜಿ ಅಸಲಿ ಅಜ್ಜಿಯಲ್ಲ ಎಂದು ಅವರು ಎಲ್ಲೋ ತೀರ್ಮಾನ ಮಾಡಿಕೊಂಡಿರಬೇಕು.

ಆ ಲೆಕ್ಕದಲ್ಲಿ ನಮರೋಮೆಗಿಂತ ಅಸಲಿ ಅಜ್ಜಿ ನಮ್ಮ ಸೀಮೆಯಲ್ಲೇ ಸಿಕ್ಕುತ್ತಿರಲಿಲ್ಲ. ಅರವತ್ತೊಂಬತ್ತು ವರ್ಷ ಅವಳು ಮಾಡಿದ್ದೇ ಅದು. ಸೊಸೆಯರನ್ನು ಬೈದಳು, ನೆರೆಯವರನ್ನು ಬೈದಳು, ಗಂಡ ಸತ್ತ ಮೇಲೆ ಶವಪೆಟ್ಟಿಗೆ ಮಾಡಿದ ಬಡಗಿಯನ್ನೂ ಬೈದಳು. ಇಷ್ಟು ವರ್ಷ ಯಾರೂ ಅದಕ್ಕೆ ಮೂರು ಕಾಸಿನ ಬೆಲೆ ಕೊಟ್ಟಿರಲಿಲ್ಲ. ಈಗ ಪಾದ್ರಿಯ ಹೆಂಡತಿ ಸೆಲ್ಲಾ ಅವಳನ್ನು ಮನೆಯಿಂದ ಕರೆತಂದು ಕುರ್ಚಿ ಹಾಕಿ ಕೂರಿಸಿದ್ದಳು. ಸಂತೆಯಲ್ಲಿ ಗುರುತಿಲ್ಲದವರು ಕೂಡ "ಟೀಚರಮ್ಮಾ" ಎಂದು ಕೈ ಮುಟ್ಟಿ ಮಾತಾಡಿಸುತ್ತಿದ್ದರು. ಪಾಠ ಶುರುವಾದ ಈ ಮೂರು ಶನಿವಾರಗಳಲ್ಲಿ ಸಿಕ್ಕ ಮರ್ಯಾದೆ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಅದು ಅವಳ ತಲೆಗೇರಿತ್ತು, ಇಳಿಯುವ ಸೂಚನೆಯೂ ಇರಲಿಲ್ಲ.

ಬರಿಯ ಬೈಗುಳವೇ ಆಗಿತ್ತು ಎಂದರೆ ಅನ್ಯಾಯವಾದೀತು. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಯ ಪಾತ್ರೆಯ ತಳಕ್ಕೆ ಹತ್ತಿದ ಸೀಕಲನ್ನು ಎಬ್ಬಿಸಿ ಹುಳಿ ಹಾಲಿನಲ್ಲಿ ನೆನೆಸಿ ಬೆಳಗಿನ ತಿಂಡಿ ಮಾಡುವುದನ್ನು ಅವಳು ಚೆನ್ನಾಗಿಯೇ ತೋರಿಸಿದ್ದಳು. ಅರ್ಧ ಬೆಂದ ಕಾಳಿನ ಮಡಕೆಯನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿಟ್ಟು, ಹಳೆ ಕಂಬಳಿ ಹೊದಿಸಿ, ಒಲೆಯಿಲ್ಲದೆ ಬೇಯಿಸುವುದನ್ನೂ ತೋರಿಸಿದ್ದಳು. ಬುಟ್ಟಿ ತೆರೆದು ಹಬೆ ಎದ್ದಾಗ ಆ ಹೆಂಗಸರು ಚಪ್ಪಾಳೆ ತಟ್ಟಿದ್ದರು. ಎಲ್ಲಾ ಸರಿಯೇ. ಆದರೆ ಇವತ್ತಿನ ಪಾಠ ಬೂದಿಯ ತಿಳಿ.

ಬೂದಿಯ ಮೂಲಕ ನೀರು ಹನಿಸಿ ಇಳಿಸಿಕೊಳ್ಳುವ, ಗಟ್ಟಿ ಸೊಪ್ಪನ್ನು ಬೆಣ್ಣೆಯ ಹಾಗೆ ಮೆತ್ತಗೆ ಮಾಡುವ, ಹಳೆ ಕಾಳನ್ನೂ ಬೇಯಿಸುವ ಆ ಕಂದು ನೀರು ಇಲ್ಲದೆ ನಮ್ಮವರ ಅಡುಗೆ ಅಡುಗೆಯೇ ಅಲ್ಲ. ನಮರೋಮೆ ಒಂದು ಬಾಟಲಿ ತುಂಬ ತಂದಿದ್ದಳು. ಬಿಸಿಲಿಗೆ ಹಿಡಿದು ತೋರಿಸಿದಳು. "ನೋಡಿ, ಇದು ಬಣ್ಣ. ನೀವು ಅಂಗಡಿಯಿಂದ ತಂದು ಸುರೀತೀರಲ್ಲ ಸೋಡಾಪುಡಿ, ಅದು ಬಟ್ಟೆ ಒಗೆಯೋಕೆ ಲಾಯಕ್ಕು. ಸೋಮಾರಿಗಳ ಉಪ್ಪು ಅದು."

ಬಾಟಲಿಯಲ್ಲಿದ್ದದ್ದು ಅಂಗಡಿಯ ಸೋಡಾಪುಡಿ ಕದಡಿದ ನೀರು. ಬಣ್ಣಕ್ಕೆ ಒಂದು ಚಮಚ ಚಹಾದ ಡಿಕಾಕ್ಷನ್ ಹಾಕಿದ್ದಳು.

ನಮರೋಮೆಗೆ ಬೂದಿಯ ತಿಳಿ ತೆಗೆಯಲು ಬರುತ್ತಿರಲಿಲ್ಲ. ಯಾವತ್ತೂ ಬಂದಿರಲಿಲ್ಲ. ಆ ಮನೆಯಲ್ಲಿ ಅದನ್ನು ತೆಗೆಯುತ್ತಿದ್ದವಳು ಅವಳ ಸವತಿ ನಲಿಯಾಕ. ಮೂವತ್ತೆರಡು ವರ್ಷ ತಿಂಗಳಿಗೊಮ್ಮೆ ಸೋರೆ ಬುರುಡೆ ತುಂಬ ತಿಳಿ ನಮರೋಮೆಯ ಹೊಸ್ತಿಲ ಮೇಲೆ ಬಂದು ಕೂರುತ್ತಿತ್ತು. ಖಾಲಿ ಬುರುಡೆಯನ್ನು ನಮರೋಮೆ ಅಂಗಳಕ್ಕೆ ಎಸೆಯುತ್ತಿದ್ದಳು, ನಲಿಯಾಕ ಬಂದು ಎತ್ತಿಕೊಂಡು ಹೋಗುತ್ತಿದ್ದಳು. "ಬೂದಿ ಕೆಲಸಕ್ಕೆ ಬುದ್ಧಿ ಬೇಕಾಗಿಲ್ಲ, ಅದಕ್ಕೇ ಅವಳಿಗೆ ಬಿಟ್ಟಿದ್ದೀನಿ" ಎಂದು ನೆಂಟರ ಮುಂದೆ ಹೇಳುವುದು ಬೇರೆ. ಗಂಡನನ್ನು ಮಣ್ಣು ಮಾಡಿದ ಮಾರನೆಯ ತಿಂಗಳಿಂದ ಬುರುಡೆ ಬರುವುದು ನಿಂತಿತು. ಆರು ವರ್ಷದಿಂದ ನಮರೋಮೆಯ ಮನೆಯಲ್ಲಿ ಸೋಡಾಪುಡಿಯೇ ನಡೆಯುತ್ತಿತ್ತು. ಕೇಳುವುದೆಂದರೆ ಪ್ರಾಣ ಹೋದಷ್ಟು ಕಷ್ಟ, ಕೇಳಲಿಲ್ಲ.

"ಅಜ್ಜಿ, ಬಾಟಲಿ ನೋಡಿ ನಾವೇನು ಕಲಿಯೋದು?" ಎಂದಳು ರೋಡಾ. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುವ ಹೆಂಗಸು, ಎಲ್ಲದರ ಬುಡ ಕೆದಕುವ ಚಾಳಿ. "ಬೂದಿಯಿಂದ ಶುರುಮಾಡಿ ತೋರಿಸಿ."

"ಎಲ್ಲಾ ಒಂದೇ ದಿನ ನುಂಗಿಬಿಡ್ತೀಯಾ? ಮೊದಲು ಸೊಪ್ಪು ಬಿಡಿಸೋದು ಕಲಿ."

ಅಷ್ಟರಲ್ಲಿ ನಲಿಯಾಕ ಹಾಲಿನ ಕ್ಯಾನು ಹಿಡಿದು ಗೇಟು ದಾಟಿ ಬಂದಳು. ಪಾದ್ರಿಯ ಮನೆಗೆ ದಿನಾ ಹಾಲು ಹಾಕುವವಳು ಅವಳೇ. ಅರವತ್ತರ ಹೆಂಗಸು, ತೆಳ್ಳಗೆ, ಮಾತು ಕಮ್ಮಿ. ಕುರ್ಚಿಗಳ ಕಡೆ ನೋಡದೆ ಹಿಂಬಾಗಿಲಿಗೆ ಹೊರಟವಳನ್ನು ಸೆಲ್ಲಾ ಕರೆದಳು. ಪಾದ್ರಿಯ ಹೆಂಡತಿಗೆ ಎಲ್ಲರನ್ನೂ ಎಲ್ಲದರಲ್ಲೂ ಸೇರಿಸಿಕೊಳ್ಳುವ ಒಳ್ಳೆಯ ಬುದ್ಧಿ ಇತ್ತು, ಯಾವಾಗ ಸೇರಿಸಬಾರದು ಎಂಬ ಬುದ್ಧಿ ಇರಲಿಲ್ಲ.

"ಬಾಮ್ಮಾ ನಲಿಯಾಕ. ಒಂದೇ ಮನೆಯವರು ನೀವು. ನಿಮ್ಮಕ್ಕನ ಬೂದಿ ತಿಳಿ ರುಚಿ ನೋಡಿ ಈ ಹುಡುಗೀರಿಗೆ ಹೇಳು."

ನಮರೋಮೆ ಬಾಟಲಿಯ ಮುಚ್ಚಳ ಬಿಗಿಯಲು ಹೋದಳು, ರೋಡಾ ಆಗಲೇ ಅದನ್ನು ಕೈಗೆ ತೆಗೆದುಕೊಂಡಾಗಿತ್ತು. ನಲಿಯಾಕ ಕ್ಯಾನು ಕೆಳಗಿಟ್ಟು ಅಂಗೈ ಒಡ್ಡಿದಳು. ನಾಲ್ಕು ಹನಿ ಬಿತ್ತು. ನಾಲಿಗೆಯ ತುದಿಗೆ ಮುಟ್ಟಿಸಿದಳು.

ನಮರೋಮೆ ಸುತ್ತ ಕಣ್ಣಾಡಿಸಿದಳು. ಹನ್ನೆರಡು ಜನ, ಒಂದು ಫೋನು, ಪಾದ್ರಿಯ ಹೆಂಡತಿ. ಈಗ ಈ ಬೂದಿ ಹೆಂಗಸು ಬಾಯಿ ಬಿಟ್ಟರೆ ನಾಳೆಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಿಮಿಲಿಲಿಗೆಲ್ಲ ಸುದ್ದಿ.

ನಲಿಯಾಕ ಅಂಗೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು. ನಮರೋಮೆಯ ಮುಖವನ್ನು ನೋಡಿದಳು, ಆತುರವಿಲ್ಲದೆ, ಕೊಳೆತ ಆಲೂಗಡ್ಡೆಯನ್ನು ಎಸೆಯುವುದೋ ಕತ್ತರಿಸಿ ಉಳಿಸಿಕೊಳ್ಳುವುದೋ ಎಂದು ನೋಡುವ ಹಾಗೆ.

"ಚೆನ್ನಾಗಿದೆ" ಎಂದಳು. "ಅಕ್ಕನ ಕೈಯಂಥ ಕೈ ಇಲ್ಲ. ಬಾಟಲೀಲಿ ನೋಡಿದ್ರೆ ನಿಮಗೇನು ಗೊತ್ತಾಗುತ್ತೆ? ಮುಂದಿನ ಶನಿವಾರ ಬೂದಿ ಸುಡೋದರಿಂದ ಹಿಡಿದು ನಿಮ್ಮೆದುರೇ ಮಾಡಿ ತೋರಿಸ್ತಾಳೆ."

ಚಪ್ಪಾಳೆ ಬಿತ್ತು. ನಲಿಯಾಕ ಕ್ಯಾನು ಎತ್ತಿಕೊಂಡು ಹಿಂಬಾಗಿಲಿಗೆ ಹೋದಳು.

ಮನೆಯ ದಾರಿಯಲ್ಲಿ ನಮರೋಮೆ ಏದುಸಿರು ಬಿಡುತ್ತಾ ಅವಳನ್ನು ಹಿಡಿದಳು. "ಯಾಕೆ ಹಂಗಂದೆ?"

"ಏನಂದೆ? ಚೆನ್ನಾಗಿದೆ ಅಂದೆ."

"ಮುಂದಿನ ಶನಿವಾರ ಅಂದೆಯಲ್ಲ, ಅದು."

"ಬೂದಿ, ನೀರು. ಬುದ್ಧಿ ಬೇಕಾಗಿಲ್ಲವಲ್ಲ ಅಕ್ಕ." ನಲಿಯಾಕ ನಡಿಗೆ ನಿಧಾನ ಮಾಡಲೂ ಇಲ್ಲ.

ಹಾಗಾದರೆ ಮಾಡಿಯೇ ತೋರಿಸುತ್ತೇನೆ ಎಂದು ನಮರೋಮೆ ಹಟ ಹಿಡಿದಳು. ನಲಿಯಾಕಳಂಥವಳೇ ಮಾಡುವಾಗ ಅದರಲ್ಲಿ ಏನಿರಲು ಸಾಧ್ಯ? ಸೋಮವಾರ ನೀಲಗಿರಿ ಮರದ ರೆಂಬೆ ಸುಟ್ಟಳು, ಕೈಗೆ ಹತ್ತಿರವಿತ್ತು ಎಂಬ ಕಾರಣಕ್ಕೆ. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಬೂದಿ ತುಂಬಿ, ಒಂದು ಬಿಂದಿಗೆ ನೀರನ್ನು ಒಟ್ಟಿಗೇ ಸುರಿದಳು. ಬೂದಿಯೂ ನೀರೂ ಕಲಸಿದ ಕೆಸರು ಒಂದೇ ಉಸಿರಿಗೆ ಕೆಳಗಿಳಿಯಿತು. ಮಂಗಳವಾರ ಬಟ್ಟೆ ಕಟ್ಟಿ ಸೋಸಿದಳು. ಬೂದು ಬಣ್ಣದ ನೀರು, ನಾಲಿಗೆಗಿಟ್ಟರೆ ಕಹಿ. ಬುಧವಾರ ಮೆಕ್ಕೆಜೋಳದ ದಿಂಡು ಸುಟ್ಟಳು. ನೀರೇನೋ ತಿಳಿಯಾಗಿ ಬಂತು, ಆದರೆ ಎಷ್ಟು ಹಾಕಬೇಕೆಂದು ಗೊತ್ತಿಲ್ಲದೆ ಅರ್ಧ ಲೋಟ ಸುರಿದಳು. ಸೊಪ್ಪು ಕರಗಿ ಕಪ್ಪು ಅಂಟಾಯಿತು. ಕೋಳಿಗಳ ಮುಂದೆ ಚೆಲ್ಲಿದಳು. ಕೋಳಿಗಳು ಬಂದವು, ಕತ್ತು ಓರೆ ಮಾಡಿ ನೋಡಿದವು, ಬೇರೆ ಕಡೆ ಹೋದವು. ಕೋಳಿಗಳನ್ನೂ ಬೈದಳು.

ಗುರುವಾರ ಸೆಲ್ಲಾಳ ಫೋನು ಬಂತು. ಬುಂಗೋಮದಿಂದ ಇನ್ನೂ ಎಂಟು ಹೆಂಗಸರು ಬರುತ್ತಾರಂತೆ, ಕುರ್ಚಿ ಸಾಲದು, ಬೆಂಚು ಹಾಕಿಸಬೇಕು. "ನಿಮ್ಮನ್ನ ನೋಡೋಕೇ ಬರ್ತಿದ್ದಾರೆ ಅಮ್ಮ."

ಕಾಯಿಲೆ ಅಂದುಬಿಡಲೇ ಎಂದು ನಮರೋಮೆ ಯೋಚಿಸಿದಳು. ಕಾಯಿಲೆ ಅಂದರೆ ಸೆಲ್ಲಾ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾಳೆ. ಅಷ್ಟಕ್ಕೇ ನಿಲ್ಲದೆ, ಪಾಠ ನಡೆಸಿಕೊಡಲು ನಲಿಯಾಕಳನ್ನು ಕೇಳುತ್ತಾಳೆ. ಆ ಕುರ್ಚಿಯಲ್ಲಿ ನಲಿಯಾಕ. ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಅಂಗಳ ದಾಟಿದಳು. ನಲವತ್ತು ಹೆಜ್ಜೆ. ಹಿರಿಯ ಹೆಂಡತಿ ಕಿರಿಯವಳ ಅಡುಗೆಮನೆಗೆ ತಾನಾಗಿ ಹೋಗುವುದುಂಟೇ ಎಂದು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅವಳ ಹೆರಿಗೆಗೂ ಹೋಗಿರಲಿಲ್ಲ.

ನಲಿಯಾಕ ಗುಡಿಸಲಿನೊಳಗೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಾಳು ಬಿಡಿಸಿದ ಒಣ ಸಿಪ್ಪೆಯ ರಾಶಿ ಸಿದ್ಧವಾಗಿತ್ತು, ಮೂರು ದಿನದಿಂದ ಬಿಸಿಲಲ್ಲಿಟ್ಟು ಗರಿಗರಿ ಮಾಡಿದ್ದು. ತಳದಲ್ಲಿ ತೂತಿದ್ದ ಮಡಕೆಗೆ, ಬೂದಿ ಸೋರದ ಹಾಗೆ, ಹುಲ್ಲಿನ ಸಿಂಬಿ ಸುತ್ತಿ ಹಾಸುತ್ತಿದ್ದಳು. ತಲೆ ಎತ್ತಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ತಂದವನಿಗೂ ಮೊದಲು ಸ್ಟೂಲು ಕೊಡುತ್ತಾರೆ. ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಹಾಲಿನ ಕ್ಯಾನು ಕೂತಿತ್ತು, ನಲಿಯಾಕ ಅದನ್ನು ಇಳಿಸಲಿಲ್ಲ.

"ಹಳೇ ತೂತು ಮಡಕೆ ಇದ್ರೆ ಕೊಡು" ಎಂದಳು ನಮರೋಮೆ, ಬಾಗಿಲಲ್ಲೇ ನಿಂತು. "ನಂದು ಒಡೆದುಹೋಯ್ತು."

"ನಿಂದು ಅಂತ ಯಾವಾಗ ಇತ್ತು?"

ನಮರೋಮೆ ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟಳು.

"ಇಸ್ಕೊಂಡು ಹೋಗೋಕೆ ಬಂದ್ಯೋ, ಕಲಿಯೋಕೆ ಬಂದ್ಯೋ?" ನಲಿಯಾಕ ಹುಲ್ಲನ್ನು ಬೆರಳಿನಿಂದ ಒತ್ತುತ್ತಾ ಕೇಳಿದಳು. "ಇಸ್ಕೊಂಡು ಹೋಗೋಕಾದ್ರೆ ಬುರುಡೆ ತುಂಬಿ ಕೊಡ್ತೀನಿ. ನಾಳೆ ಅವರ ಮುಂದೆ ಅದನ್ನ ಇಟ್ಟುಕೊಂಡು ಕೂತ್ಕೊ."



"ಕಲಿಯೋಕೆ" ಎಂದಳು ನಮರೋಮೆ.

"ಹಾಗಾದ್ರೆ ಕೂತ್ಕೊ. ಅಲ್ಲಲ್ಲ, ಆ ಕಡೆ."

ಆ ಕಡೆ ಎಂದರೆ ಹೊಗೆ ಬರುವ ಕಡೆ. ನಮರೋಮೆ ಗೋಡೆ ಹಿಡಿದು, ಮಂಡಿ ಮಡಚಿ, ನೆಲದ ಮೇಲೆ ಕೂತಳು. ನಲಿಯಾಕ ಸಿಪ್ಪೆಯ ರಾಶಿಗೆ ಕೆಂಡ ಇಟ್ಟಳು. ಹೊಗೆ ಎದ್ದು ನೇರ ನಮರೋಮೆಯ ಮುಖಕ್ಕೆ ಬಂತು. ಕಣ್ಣಿನಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಊದು" ಎಂದಳು ನಲಿಯಾಕ.

ನಮರೋಮೆ ಬಗ್ಗಿ ಊದಿದಳು. ಬೂದಿ ಹಾರಿ ಅವಳ ತಲೆವಸ್ತ್ರದ ಮೇಲೆ, ಹುಬ್ಬಿನ ಮೇಲೆ ಕೂತಿತು.

"ಮೆಲ್ಲಗೆ. ಬೂದಿ ಹಾಳಾಗ್ತಿದೆ."

ಅವಳು ಇನ್ನೂ ಕೆಳಕ್ಕೆ ಬಗ್ಗಿ, ಮೆಲ್ಲಗೆ ಊದಿದಳು.